ಮಳೆಗಾಲಕ್ಕೆ ಒಂದು ಡಬ್ಬಿ ಗಟ್ಟಿ ಬ್ರೆಡ್

2019ರ ಆಗಸ್ಟ್ ತಿಂಗಳನ್ನು ಮೂಡಿಗೆರೆ ಕಡೆಯವರು ಮರೆಯೋದಿಲ್ಲ. ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದ್ ಆಗಿತ್ತು. ಅಂಥ ಹೊತ್ತಲ್ಲಿ ಒಲೆ ಹಚ್ಚದೆ ತಿನ್ನೋಕೆ ಮನೆಯಲ್ಲಿ ಏನಾದರೂ ಇರಬೇಕು. ಅಂಗಡಿ ಬ್ರೆಡ್ಡಿಗೆ ನಮ್ಮ ಮಳೆಗಾಲದಲ್ಲಿ ಬೇಗ ಬೂಷ್ಟು ಬರುತ್ತೆ. ಹಿಂದಿನ ಕಾಲದ ಹಡಗಿನವರು, ಸೈನಿಕರು ಒಯ್ಯುತ್ತಿದ್ದ ಹಾರ್ಡ್‌ಟ್ಯಾಕ್ ಅನ್ನೋ ಗಟ್ಟಿ ಬ್ರೆಡ್ ಹಾಗಲ್ಲ. ಸರಿಯಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡೋದಿಲ್ಲ.

ಬೇಕಾಗೋದು ಮೂರೇ ಸಾಮಾನು: 3 ಲೋಟ ಮೈದಾ, 2 ಟೀ ಚಮಚ ಉಪ್ಪು, ಸುಮಾರು 1 ಲೋಟ ನೀರು. ರುಚಿಗೆ ಅಂತ ತುಪ್ಪ, ಎಣ್ಣೆ, ಹಾಲು ಏನೂ ಹಾಕಬೇಡಿ, ಜಿಡ್ಡು ಇದ್ದರೆ ಕೆಲವು ತಿಂಗಳಿಗೆ ಕಮಟು ವಾಸನೆ ಬರುತ್ತೆ. ಗೋಧಿ ಹಿಟ್ಟಲ್ಲೂ ಸ್ವಲ್ಪ ಎಣ್ಣೆ ಅಂಶ ಇರುತ್ತೆ, ಅದಕ್ಕೇ ಜಾಸ್ತಿ ದಿನ ಇಡೋದಕ್ಕೆ ಮೈದಾನೇ ವಾಸಿ.

ನೀರನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕಿ, ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಕೈಗೆ ಅಂಟಬಾರದು. ಅರ್ಧ ಗಂಟೆ ಮುಚ್ಚಿಟ್ಟು, 1 ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, 3 ಇಂಚಿನ ಚೌಕ ಕತ್ತರಿಸಿ. ಒಂದೊಂದರಲ್ಲೂ ಸಾಲಿಗೆ ನಾಲ್ಕರಂತೆ 16 ತೂತು, ಕೆಳಗಿನವರೆಗೂ ಚುಚ್ಚಬೇಕು. ಒಳಗಿನ ಹಬೆ ಹೋಗೋದು ಅಲ್ಲಿಂದಲೇ.

ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 190 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಮಗ್ಗುಲು 30 ನಿಮಿಷ, ತಿರುಗಿಸಿ ಇನ್ನೊಂದು 30 ನಿಮಿಷ.

ಬೆಂದಾಯಿತು ಅಂತ ಇಲ್ಲಿಗೇ ತೆಗೆದಿಡಬೇಡಿ. ನಾನು ಮೊದಲನೇ ಸಲ ಹಾಗೆ ಮಾಡಿ, ಇನ್ನೂ ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದ್ದೆ. ಮೂರು ವಾರಕ್ಕೆ ತೆಗೆದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ, ಒಂದನ್ನು ಮುರಿದು ನೋಡಿದರೆ ಮಧ್ಯೆ ಬಟಾಣಿಯಷ್ಟು ಹಸಿರು ಬೂಷ್ಟು. ಅಷ್ಟನ್ನೂ ಎಸೆಯಬೇಕಾಯಿತು, ತುಂಬಾ ಬೇಜಾರಾಯ್ತು. ಈಗ ಶಾಖವನ್ನು 110 ಡಿಗ್ರಿಗೆ ಇಳಿಸಿ ಇನ್ನೂ ಎರಡು ಗಂಟೆ ಒಣಗಿಸುತ್ತೇನೆ, ಆಮೇಲೆ ಆಫ್ ಮಾಡಿ ಬೆಳಗಿನವರೆಗೂ ಅದರೊಳಗೇ ಬಿಡುತ್ತೇನೆ. ಎರಡನ್ನು ಒಂದಕ್ಕೊಂದು ತಟ್ಟಿದರೆ ಹೆಂಚಿನ ಚೂರಿನ ಹಾಗೆ ಟಕ್ ಅನ್ನಬೇಕು. ಒಂದನ್ನು ಕುಟ್ಟಿ ಒಡೆದೂ ನೋಡಿ, ಮಧ್ಯೆ ಮೆತ್ತಗಿದ್ದರೆ ಇನ್ನೊಂದು ಗಂಟೆ ಒಣಗಿಸಿ.

ನಮ್ಮ ಕಡೆ ಜೂನ್ ಬಂದರೆ ಹಪ್ಪಳವೇ ಮೆತ್ತಗಾಗುತ್ತೆ ಅಲ್ವಾ? ಅದಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ, ಹಪ್ಪಳ ಸಂಡಿಗೆ ಮಾಡುವ ಹೊತ್ತಿಗೇ ಇದನ್ನೂ ಮಾಡಿಬಿಡಿ. ಚೆನ್ನಾಗಿ ಒರೆಸಿ ಒಣಗಿಸಿದ, ಗಾಳಿ ಆಡದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಮಾಡಿದ ತಿಂಗಳು ಬರೆದ ಚೀಟಿ ಅಂಟಿಸಿ. ಸುಮ್ನೆ ನೋಡೋಣ ಅಂತ ಮಳೆ ದಿನ ಮುಚ್ಚಳ ತೆಗೆಯಬೇಡಿ.

ತಿನ್ನುವಾಗ ಹಾಗೇ ಕಚ್ಚಬಾರದು, ಹಲ್ಲು ಹೋಗುತ್ತೆ. ಕುಟ್ಟಾಣಿಯಲ್ಲಿ ಚೂರು ಮಾಡಿ ನೀರಲ್ಲೋ, ಒಲೆ ಇದ್ದರೆ ಬಿಸಿ ಬೆಲ್ಲದ ಕಾಫಿಯಲ್ಲೋ ಸಾರಲ್ಲೋ ಮೆತ್ತಗಾಗುವವರೆಗೆ ನೆನೆಸಿ. ಕಾಫಿಯಲ್ಲಿ ಹದಿನೈದು ನಿಮಿಷ ಸಾಕು, ನೀರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಇದರಿಂದ ಹೊಟ್ಟೆ ತುಂಬುತ್ತೆ, ಶಕ್ತಿಯೂ ಬರುತ್ತೆ, ಆದರೆ ಇದೊಂದೇ ಸಾಲದು, ಪಕ್ಕದಲ್ಲೇ ಇನ್ನೊಂದು ಡಬ್ಬಿ ಹುರಿದ ಕಡಲೆಬೀಜ, ಬೆಲ್ಲವನ್ನೂ ಇಟ್ಟುಕೊಳ್ಳಿ.