ಇಆರ್‌ವಿ ಫ್ಯಾನ್ ಓಡುತ್ತಿತ್ತು, ಚಕ್ರ ನಿಂತಿತ್ತು

ಮಂಗಳೂರಿನ ಒಂದು ಆಫೀಸ್ ಕಟ್ಟಡ. ಎಸಿ ಹಗಲಿಡೀ ಓಡಿದರೂ ಒಳಗೆ ಜಿಗುಟು ಸೆಕೆ, ಸೀಲಿಂಗ್ ಗ್ರಿಲ್ ಅಂಚಿನಲ್ಲಿ ನೀರಹನಿ. ಎಲ್ಲರ ಅನುಮಾನ ಎಸಿ ಗ್ಯಾಸ್ ಮೇಲೆ. ದೋಷವಿದ್ದದ್ದು ತಾರಸಿಯ ಇಆರ್‌ವಿಯಲ್ಲಿ (ಎನರ್ಜಿ ರಿಕವರಿ ವೆಂಟಿಲೇಟರ್). ಒಳಬರುವ ತಾಜಾ ಗಾಳಿಯ ಬಿಸಿ, ತೇವವನ್ನು ಹೊರಹೋಗುವ ತಂಪು ಗಾಳಿಗೆ ದಾಟಿಸುವ ಯಂತ್ರ ಇದು; ಆ ಕೆಲಸ ಮಾಡುವುದು ಬೆಲ್ಟ್‌ನಿಂದ ತಿರುಗುವ ಚಕ್ರ.

ಮೂರು ಕಡೆ ಉಷ್ಣತೆ ಅಳೆದೆ. ಹೊರಗಾಳಿ 33 ಡಿಗ್ರಿ, ಒಳಗಿನಿಂದ ಮರಳುವ ಗಾಳಿ 25, ಚಕ್ರ ದಾಟಿ ಒಳಹೋಗುವ ತಾಜಾ ಗಾಳಿ 32. ಹೊರಗಾಳಿ 8 ಡಿಗ್ರಿ ಇಳಿಯಲು ಅವಕಾಶವಿದ್ದಲ್ಲಿ ಇಳಿದದ್ದು ಬರೀ 1, ಅಂದರೆ ಶೇ. 12.5. ಚಕ್ರ ತಿರುಗುತ್ತಿದ್ದರೆ ಶೇ. 70ರ ಆಸುಪಾಸು ಇರಬೇಕಿತ್ತು. ಕರಾವಳಿಯಲ್ಲಿ ಬಿಸಿಗಿಂತ ತೇವವೇ ದೊಡ್ಡ ಹೊರೆ. ಚಕ್ರ ನಿಂತರೆ ಅದೂ ನೇರ ಒಳಗೆ.

ಮೇನ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ ಪ್ಯಾನೆಲ್ ಬಿಚ್ಚಿದರೆ, ಬೆಲ್ಟ್ ಹಿಗ್ಗಿ ಜೋತಿತ್ತು. ಮೋಟರ್ ಪುಲಿಯ ಸುತ್ತ ಕಪ್ಪು ರಬ್ಬರ್ ಪುಡಿ. ತಿರುಗುವಿಕೆ ಗಮನಿಸುವ ಸೆನ್ಸರ್ ಇಲ್ಲದ ಯೂನಿಟ್, ಹಾಗಾಗಿ ಅಲಾರ್ಮ್ ಹೊಡೆದಿರಲಿಲ್ಲ.

ಬೆಲ್ಟ್ ಮಾತ್ರ ಬದಲಿಸಿದರೆ ಅದೂ ಬೇಗ ಸವೆಯುತ್ತದೆ. ಕೈಯಿಂದ ತಿರುಗಿಸಿದಾಗ ಚಕ್ರ ಒಂದೇ ಜಾಗದಲ್ಲಿ ಬಿಗಿಯಾಗುತ್ತಿತ್ತು: ಅಲ್ಲಿ ಬ್ರಷ್ ಸೀಲ್ (ಗಾಳಿ ಸೋರದಂತೆ ತಡೆಯುವ ಎಳೆಗಳ ಪಟ್ಟಿ) ಒತ್ತಿಕೊಂಡಿತ್ತು. ಸ್ಕ್ರೂ ಸಡಿಲಿಸಿ, ಎಳೆಗಳು ಚಕ್ರಕ್ಕೆ ಬರೀ ತಾಗುವಷ್ಟು ಹಿಂದೆ ಸರಿಸಿದೆ. ಚಕ್ರ ಇಳಿಸದೆಯೇ ಹಾಕಬಹುದಾದ ಲಿಂಕ್ ಬೆಲ್ಟ್ ತೊಡಿಸಿದೆ. ಚಕ್ರದ ಧೂಳಿಗೆ ವ್ಯಾಕ್ಯೂಮ್ ಸಾಕು. ತಯಾರಕರು ಹೇಳದ ಹೊರತು ನೀರಿನ ಜೆಟ್ ಬೇಡ, ತೇವ ಹೀರುವ ಲೇಪ ಹಾಳಾಗಬಹುದು.

ಮತ್ತೆ ಅಳೆದಾಗ ಒಳಹೋಗುವ ಗಾಳಿ 27.