ರಾತ್ರಿ ಗಾಳದ ತುದಿದೀಪ: ಆಯ್ಕೆ ಮಾಡುವುದು ಹೇಗೆ, ಕಟ್ಟುವುದು ಹೇಗೆ?

ಮೀನು ಕಚ್ಚಿದ್ದು ಕತ್ತಲಲ್ಲೂ ತಿಳಿಯಲೆಂದು ಗಾಳದ ಕೋಲಿನ, ಅಂದರೆ ರಾಡಿನ, ತುದಿಗೆ ಕಟ್ಟುವ ಸಣ್ಣ ದೀಪವೇ ತುದಿದೀಪ. ರಾತ್ರಿ ಗಾಳಕ್ಕೆ ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಬೆಳಕು ಜೋರಾಗಿದೆಯಾ?’ ಎಂದು. ಆದರೆ ತುದಿದೀಪದ ಬೆಳಕಿನಲ್ಲಿ ಯಾರೂ ಏನನ್ನೂ ಹುಡುಕಬೇಕಾಗಿಲ್ಲ. ನೋಡಬೇಕಾದ್ದು ಆ ದೀಪವನ್ನೇ: ಅಲುಗಿತೇ, ನಿಧಾನಕ್ಕೆ ಬಾಗಿತೇ, ಸಟ್ಟನೆ ಮೇಲೆದ್ದಿತೇ. ಕೂತ ಜಾಗದಿಂದ ಕಣ್ಣಿಗೆ ಬೀಳುವಷ್ಟು ಬೆಳಕಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದದ್ದು ಕಣ್ಣಿಗೆ ಕಾಟ, ರಾಡಿಗೆ ಭಾರ.

ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಆಲೂರಿನ ವಾಟೆಹೊಳೆ, ಕಡೂರು ಕಡೆಯ ಕೆರೆಗಳು. ಬೇಸಿಗೆಯ ಹಗಲಲ್ಲಿ ಇಲ್ಲೆಲ್ಲ ಗಾಳ ಹಿಡಿದು ಕೂತರೆ ತಲೆ ಕಾಯುವುದಷ್ಟೇ ಲಾಭ. ಹೊತ್ತು ಮುಳುಗಿದ ಮೇಲೆ ಗೆಂಡೆಮೀನು ದಡದ ಕಡೆ ಮೇಯಲು ಬರುತ್ತದೆ. ಬಾಳೆಮೀನು, ಮುರುಗೋಡು, ಹಾವುಮೀನು ಇವಂತೂ ಕತ್ತಲಾದ ಮೇಲೆಯೇ ಚುರುಕಾಗುವ ಜಾತಿ. ಕೈಗಾಳದವರು ತಂಗೂಸಿಯನ್ನು (ಗಾಳದ ದಾರವನ್ನು) ಬೆರಳ ಮೇಲೆ ಹಾಯಿಸಿಕೊಂಡು ಕೂರುತ್ತಾರೆ, ಅವರಿಗೆ ದೀಪದ ಹಂಗಿಲ್ಲ. ಎರಡು ಮೂರು ರಾಡ್ ಊರಿ ಹಿಂದೆ ಕೂರುವವರಿಗೆ ಬೇಕೇ ಬೇಕು.

ಮೊದಲು ನೀರು, ಆಮೇಲೆ ದೀಪ

ದೀಪಕ್ಕೆ ದುಡ್ಡು ಹಾಕುವ ಮೊದಲು ಯಾವ ನೀರಿಗೆ ಹೋಗುತ್ತೀರಿ ಎಂಬುದು ಗೊತ್ತಿರಲಿ. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಚಿಕ್ಕವು ಗ್ರಾಮ ಪಂಚಾಯಿತಿ ಕೈಯಲ್ಲಿ. ಬಹುತೇಕ ಎಲ್ಲವೂ ಗುತ್ತಿಗೆಗೆ ಹೋಗಿರುತ್ತವೆ. ಗುತ್ತಿಗೆದಾರರ ಅಥವಾ ಸಹಕಾರ ಸಂಘದ ಒಪ್ಪಿಗೆಯಿಲ್ಲದೆ ರಾತ್ರಿ ದೀಪ ಹಚ್ಚಿ ಕೂತರೆ ಕಳ್ಳನೆಂದೇ ಲೆಕ್ಕ. ಜಲಾಶಯಗಳಿಗೆ ಇಲಾಖೆಯ ಪರವಾನಗಿ ಬೇಕು. ಭದ್ರಾ ಅಭಯಾರಣ್ಯದೊಳಗಿನ ನೀರು, ಶೃಂಗೇರಿ ಮಠದ ಮುಂದಿನ ತುಂಗೆ ಇವೆರಡರ ಆಸೆ ಬಿಟ್ಟುಬಿಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯಾದರೆ ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ನೋಡದೆ ಮನೆ ಬಿಡಬೇಡಿ. ಆನೆಯೂ ನೀರಿಗೆ ಬರುವುದು ಕತ್ತಲಲ್ಲೇ.

ಇನ್ನು ಮೀನಿನ ವಿಚಾರ. ಬಾಳೆಮೀನು ಕಚ್ಚಿ ಎಳೆದರೆ ರಾಡೇ ಬಾಗುತ್ತದೆ, ಅದಕ್ಕೆ ಯಾವ ದೀಪವಾದರೂ ನಡೆಯುತ್ತದೆ. ರಾಗಿ ಮುದ್ದೆಯ ಉಂಡೆಯನ್ನು ಮೂತಿಯಿಂದ ತಳ್ಳಿ ತಳ್ಳಿ ನೋಡುವ ಗೆಂಡೆ, ಮೃಗಾಲ್‌ಗಳದ್ದು ಹಾಗಲ್ಲ. ತುದಿ ಒಂದು ಬೆರಳಿನಷ್ಟೂ ಬಾಗದೆ ಬರೀ ನಡುಗುತ್ತದೆ. ತುದಿಯಲ್ಲಿ ಭಾರದ ದೀಪ ಕೂತಿದ್ದರೆ ಆ ನಡುಕ ಅಲ್ಲೇ ಸತ್ತುಹೋಗುತ್ತದೆ. ಹಾಗಾಗಿ ತೆಳು ತುದಿಯ ರಾಡಿಗೆ ಒಂದು ಗ್ರಾಂ ಆಸುಪಾಸಿನ ದೀಪ ಸಾಕು. ಗಂಟೆ, ಸ್ಪ್ರಿಂಗ್, ಕ್ಲಿಪ್ ಎಲ್ಲ ಸೇರಿದ ದಪ್ಪ ದೀಪಗಳನ್ನು ಗಟ್ಟಿ ರಾಡಿನ ಬಾಳೆ ಬೇಟೆಗೆ ಇಟ್ಟುಕೊಳ್ಳಿ.

ಮುರಿಯುವ ಕಡ್ಡಿ, ಬ್ಯಾಟರಿ ಕಡ್ಡಿ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಇರುವುದು ಎರಡು ಬಗೆ. ಮೊದಲನೆಯದು ಬಗ್ಗಿಸಿ ಹಚ್ಚುವ ರಾಸಾಯನಿಕ ಕಡ್ಡಿ. ಹೆಚ್ಚು ಬಳಕೆಯಲ್ಲಿರುವ ಅಳತೆ 4.5 ಮಿ.ಮೀ. ದಪ್ಪ, 37 ಮಿ.ಮೀ. ಉದ್ದ. ಪ್ಲಾಸ್ಟಿಕ್ ಕೊಳವೆಯೊಳಗೆ ಇನ್ನೊಂದು ತೆಳು ಗಾಜಿನ ಕೊಳವೆ ಇರುತ್ತದೆ. ಬಗ್ಗಿಸಿದಾಗ ಟಿಕ್ ಎಂದು ಮುರಿಯುವುದು ಅದೇ. ಒಳಗಿನ ಹೈಡ್ರೋಜನ್ ಪೆರಾಕ್ಸೈಡ್ ಹೊರಗಿನ ಆಕ್ಸಲೇಟ್ ದ್ರವದ ಜೊತೆ ಬೆರೆತು, ಆ ಕ್ರಿಯೆಯ ಶಕ್ತಿ ಬಣ್ಣದ ಕಣಗಳಿಗೆ ದಾಟಿ ಬೆಳಕಾಗುತ್ತದೆ. ಬಿಸಿಯಿಲ್ಲ, ವೈರಿಲ್ಲ, ಮಳೆ ಬಂದರೂ ಚಿಂತೆಯಿಲ್ಲ. ತೂಕವಂತೂ ಇಲ್ಲವೆಂದೇ ಹೇಳಬಹುದು.

ಆದರೆ ಪೊಟ್ಟಣದ ಮೇಲೆ ಬರೆದ ಗಂಟೆಗಳ ಲೆಕ್ಕವನ್ನು ಪೂರ್ತಿ ನಂಬಬೇಡಿ. ಹಚ್ಚಿದ ಮೊದಲ ಒಂದೆರಡು ಗಂಟೆ ಬೆಳಕು ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ‘ಹನ್ನೆರಡು ಗಂಟೆ’ ಎಂದರೆ ಹನ್ನೆರಡನೆಯ ಗಂಟೆಗೂ ಸ್ವಲ್ಪ ಮಿನುಗು ಉಳಿದಿರುತ್ತದೆ ಎಂದಷ್ಟೇ. ಮಲೆನಾಡಿನವರು ಗಮನಿಸಬೇಕಾದ್ದು ಇನ್ನೊಂದಿದೆ: ಈ ಕ್ರಿಯೆ ಸೆಕೆಗೆ ಜೋರು, ಚಳಿಗೆ ಮಂದ. ಏಪ್ರಿಲ್‌ನಲ್ಲಿ ಕಡೂರಿನ ಕೆರೆ ದಡದಲ್ಲಿ ಝಗ್ಗೆಂದು ಉರಿದು ಬೇಗ ಸೋಲುವ ಕಡ್ಡಿಯೇ ಡಿಸೆಂಬರ್‌ನ ಮಂಜಿನಲ್ಲಿ ಸಕಲೇಶಪುರದ ಬಳಿ ಮಂಕಾಗಿ, ಬೆಳಗಿನವರೆಗೂ ಎಳೆಯುತ್ತದೆ. ಚಳಿಗಾಲದಲ್ಲಿ ಹಚ್ಚಿದ ಕಡ್ಡಿಯನ್ನು ಒಂದೆರಡು ನಿಮಿಷ ಅಂಗೈಯಲ್ಲಿ ಬೆಚ್ಚಗೆ ಹಿಡಿದು ಆಮೇಲೆ ಕಟ್ಟಿದರೆ ಬೇಗ ಹೊತ್ತಿಕೊಳ್ಳುತ್ತದೆ.

ಕೊಳ್ಳುವಾಗ ಬೆಳ್ಳಿ ಹಾಳೆಯ ಪೊಟ್ಟಣವನ್ನು ಹಿಂಡಿ ನೋಡಿ. ಗಾಳಿ ತುಂಬಿ ಉಬ್ಬಿದಂತಿರಬೇಕು. ಚಪ್ಪಟೆಯಾಗಿದ್ದರೆ ಎಲ್ಲೋ ತೂತಾಗಿ ತೇವ ಒಳಹೊಕ್ಕಿರಬಹುದು. ತಯಾರಿಕೆ ದಿನಾಂಕ ಇಲ್ಲದ ಸರಕು ಅಗ್ಗಕ್ಕೆ ಸಿಕ್ಕಿದರೂ ಬೇಡ.

ಎರಡನೆಯದು ಎಲ್‌ಇಡಿ ಕಡ್ಡಿ. ಇದರ ಹೊಟ್ಟೆಯಲ್ಲಿ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ 3 ವೋಲ್ಟಿನ ಲಿಥಿಯಂ ಬ್ಯಾಟರಿ ಕೂರುತ್ತದೆ. ಸಾಮಾನ್ಯವಾಗಿ ಸಿಆರ್ 425, ಇನ್ನೂ ಸಣ್ಣ ದೀಪಗಳಲ್ಲಿ ಸಿಆರ್ 322 ಅಥವಾ 311. ರಾತ್ರಿಯಿಡೀ ಒಂದೇ ಸಮನೆ ಉರಿಯುವುದು ಇದರ ದೊಡ್ಡ ಗುಣ. ತಿಂಗಳಿಗೆ ಎರಡು ಮೂರು ಸಲ ಹೋಗುವವರಿಗೆ ಇದೇ ಅಗ್ಗ. ಒಂದೇ ತಕರಾರು, ಈ ಬ್ಯಾಟರಿ ಊರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ದೀಪ ತರಿಸುವಾಗಲೇ ನಾಲ್ಕು ಹೆಚ್ಚು ಬ್ಯಾಟರಿ ತರಿಸಿಡಿ. ಹಾಕುವಾಗ ದಿಕ್ಕು ನೋಡಿಕೊಳ್ಳಿ: ಮೊನೆಯಂತೆ ಚಾಚಿರುವ ಸೂಜಿ ಋಣ ತುದಿ, ಹೊರಗಿನ ಲೋಹದ ಮೈ ಧನ. ಪೆನ್‌ಟಾರ್ಚಿನ ಸೆಲ್ ಅಭ್ಯಾಸವಾದವರು ಇದನ್ನು ತಿರುಗುಮುರುಗಾಗಿ ತುರುಕಿ ‘ದೀಪವೇ ಕೆಟ್ಟಿದೆ’ ಎಂದು ಬಯ್ಯುವುದುಂಟು.

ಮೀನು ಕಚ್ಚಿದೊಡನೆ ಹಸಿರಿನಿಂದ ಕೆಂಪಿಗೆ ತಿರುಗುವ ‘ಸ್ಮಾರ್ಟ್’ ದೀಪಗಳೂ ಬಂದಿವೆ. ಒಳಗಿನ ಸೆನ್ಸರ್ ಅಲುಗಾಟವನ್ನು ಗುರುತಿಸುತ್ತದೆ. ಅಲುಗಿಸಿದ್ದು ಮೀನೋ ಗಾಳಿಯೋ ಅದಕ್ಕೇನು ಗೊತ್ತು? ಶೆಟ್ಟಿಹಳ್ಳಿ ಚರ್ಚಿನ ಕಡೆಯ ಬಯಲು ಹಿನ್ನೀರಿನಲ್ಲಿ ಗಾಳಿ ಎದ್ದರೆ ಜಾತ್ರೆಯ ಸೀರಿಯಲ್ ಸೆಟ್ಟಿನಂತೆ ಬಣ್ಣ ಬದಲಿಸುತ್ತಲೇ ಇರುತ್ತದೆ. ತೋಟದ ಮರೆಯಲ್ಲಿರುವ ಚಿಕ್ಕ ಕೆರೆಗೆ ಪರವಾಗಿಲ್ಲ.

ಹಸಿರೋ ಕೆಂಪೋ?

ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಹಸಿರು ತುಂಬ ಸುಲಭವಾಗಿ ಕಾಣುತ್ತದೆ. ರಾತ್ರಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 507 ನ್ಯಾನೊಮೀಟರ್ ಹತ್ತಿರದ ನೀಲಿಹಸಿರು ಬೆಳಕಿಗೆ. ಆದ್ದರಿಂದ ಸ್ವಲ್ಪವೇ ಹಸಿರು ಬೆಳಕೂ ದೂರಕ್ಕೆ ಸಾಕು. ಕೆಂಪು ಅಷ್ಟು ದೂರಕ್ಕೆ ಎದ್ದು ಕಾಣದು, ಆದರೆ ಕತ್ತಲಿಗೆ ಒಗ್ಗಿದ ದೃಷ್ಟಿಯನ್ನು ಅದು ಕೆಡಿಸುವುದಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಒಂದು ಸಲ ಬಿಳಿ ಟಾರ್ಚ್ ಮುಖಕ್ಕೆ ಹೊಡೆದರೆ ಎಲ್ಲ ಮೊದಲಿನಿಂದ.

ಬರೀ ಇಷ್ಟೇ ಆಗಿದ್ದರೆ ಎಲ್ಲರಿಗೂ ಹಸಿರೇ ಎಂದು ಹೇಳಿ ಮುಗಿಸಬಹುದಿತ್ತು. ನಮ್ಮ ಕಡೆ ಮುಂಗಾರಿಗೆ ಮುಂಚಿನ ವಾರಗಳಲ್ಲಿ ದಡದ ಪೊದೆ, ಮರಗಳ ತುಂಬ ಮಿಣುಕುಹುಳ. ಅವುಗಳ ಬೆಳಕೂ ಹಳದಿಹಸಿರು. ರಾಡಿನ ಹಿಂದೆ ಹತ್ತು ಮಿಣುಕು ತೇಲಾಡುವಾಗ ನಿಮ್ಮ ಹಸಿರು ತುದಿ ಯಾವುದು, ಹುಳ ಯಾವುದು ಎಂದು ಹುಡುಕುವಷ್ಟರಲ್ಲಿ ಮೀನು ಮುದ್ದೆ ತಿಂದು ಹೋಗಿರುತ್ತದೆ. ಮೇ ಕೊನೆ, ಜೂನ್ ಮೊದಲಿಗೆ ಕೆಂಪೇ ಸರಿ. ಬಿಳಿ ದೀಪವನ್ನಂತೂ ಯಾವ ಕಾಲಕ್ಕೂ ನಾನು ಶಿಫಾರಸು ಮಾಡುವುದಿಲ್ಲ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಮುತ್ತಿಕೊಂಡು ತುದಿಯೇ ಕಾಣದಾಗುತ್ತದೆ, ಚಳಿಗಾಲದಲ್ಲಿ ಮಂಜಿಗೆ ಚದುರಿ ಸುತ್ತ ಬೂದು ಮುದ್ದೆಯಾಗುತ್ತದೆ.

ಎರಡು ರಾಡ್ ಇದ್ದರೆ ಎರಡು ಬಣ್ಣ ಇರಲಿ. ಯಾವುದು ಅಲುಗಿತು ಎಂದು ನಿದ್ದೆಗಣ್ಣಿಗೂ ತಿಳಿಯುತ್ತದೆ.

ಮನೆಯ ತಾರಸಿಯಲ್ಲಿ ಪರೀಕ್ಷೆ

ಹೊಸ ದೀಪವನ್ನು ನೇರ ಕೆರೆಗೆ ಒಯ್ಯಬೇಡಿ. ಎಲ್‌ಇಡಿ ಕಡ್ಡಿಯನ್ನು ಹೊತ್ತಿಸಿ ಒಂದು ಲೋಟ ನೀರಿನಲ್ಲಿ ರಾತ್ರಿ ಬಿಡಿ. ಬೆಳಗ್ಗೆ ಒಳಗೆ ಹನಿ ಕಂಡರೆ ವಾಪಸ್ ಕಳಿಸಿ. ಆಮೇಲೆ ರಾಡಿಗೆ ಕಟ್ಟಿ, ದೀಪ ಆರಿಸಿದ ತಾರಸಿಯಲ್ಲಿ ನೀವು ಸಾಮಾನ್ಯವಾಗಿ ಕೂರುವಷ್ಟು ದೂರ, ಅಂದರೆ ಐದಾರು ಹೆಜ್ಜೆ ಹಿಂದೆ ಹೋಗಿ ಕೂತುಕೊಳ್ಳಿ. ಮನೆಯವರೊಬ್ಬರಿಗೆ ಹೇಳಿ ತಂಗೂಸಿಯನ್ನು ಮೆಲ್ಲಗೆ ಚಿಟುಕಿಸಲು. ಆ ಚಿಟುಕು ನಿಮಗೆ ಕಾಣಬೇಕು. ಕಂಡರೂ ಕಣ್ಣು ಕಿರಿದಾಗಿಸಬೇಕೆನಿಸಿದರೆ ಬೆಳಕು ಹೆಚ್ಚಾಯಿತು. ಅರ್ಧಕ್ಕೆ ಕಪ್ಪು ಟೇಪ್ ಸುತ್ತಿ. ಹೊಸ ದೀಪ ಕೊಳ್ಳುವುದಕ್ಕಿಂತ ಅದು ಸುಲಭ.

ಕಟ್ಟುವ ಜಾಗ

ತುತ್ತತುದಿಗೆ ಕಟ್ಟಬೇಡಿ. ತುದಿಯ ಉಂಗುರಕ್ಕೂ ಅದರ ಹಿಂದಿನ ಉಂಗುರಕ್ಕೂ ನಡುವೆ, ತುದಿಗೆ ಒಂದೆರಡು ಅಂಗುಲ ಹಿಂದೆ, ತಂಗೂಸಿ ಹಾಯುವ ಬದಿಗೆ ಎದುರಾಗಿ ಕೂರಿಸಿ. ತಂಗೂಸಿಯ ಕಡೆಗಿದ್ದರೆ ಎಸೆಯುವಾಗ ಸುತ್ತಿಕೊಂಡು ದೀಪವೂ ಗಾಳವೂ ಒಟ್ಟಿಗೆ ನೀರು ಸೇರುತ್ತವೆ. ಜೊತೆಗೆ ಬರುವ ಪ್ಲಾಸ್ಟಿಕ್ ಕ್ಲಿಪ್ಪಿನ ತೂತು ರಾಡಿನ ದಪ್ಪಕ್ಕೆ ಹೊಂದದಿದ್ದರೆ ಅದನ್ನು ಬಲವಂತ ಮಾಡಬೇಡಿ. ಮೀನಿನ ತೊಟ್ಟಿಗೆ ಬಳಸುವ ತೆಳು ಸಿಲಿಕಾನ್ ಪೈಪಿನ ಎರಡು ಚೂರು ಕತ್ತರಿಸಿ ಕಡ್ಡಿಯ ಎರಡೂ ಕಡೆ ಹಿಡಿಸಿದರೆ ಬಿಗಿಯೂ ಹೌದು, ಬಿಚ್ಚಲೂ ಸುಲಭ. ಟೇಪೇ ಗತಿಯಾದರೆ ಸುತ್ತುವಾಗ ತುದಿಯಲ್ಲಿ ಒಂದು ಚೂರು ಮಡಚಿ ಬಿಡಿ, ಒದ್ದೆ ಕೈಗೆ ಸಿಗುತ್ತದೆ.

ದೀಪ ತಾನೇ ಅಲುಗಿದಂತೆ ಕಂಡರೆ

ಅರ್ಧ ರಾತ್ರಿ ಕಳೆದ ಮೇಲೆ ರಾತ್ರಿ ಗಾಳದವರೆಲ್ಲರಿಗೂ ಇದು ಆಗುತ್ತದೆ: ತುದಿ ಎಡಕ್ಕೆ ಜಾರಿತು, ನಿಧಾನಕ್ಕೆ ಎದ್ದಿತು, ಎದ್ದು ಓಡಿದರೆ ಏನೂ ಇಲ್ಲ. ಗಾಳಿಯೂ ಇಲ್ಲ. ದೆವ್ವದ ಕತೆಗಳಿಗೆ ಒಳ್ಳೆಯ ಸಾಮಗ್ರಿ ಇದು, ಆದರೆ ಕಾರಣ ಕಣ್ಣಿನಲ್ಲೇ ಇದೆ. ಸುತ್ತ ಬೇರೇನೂ ಕಾಣದ ಕತ್ತಲಲ್ಲಿ ಒಂದೇ ಒಂದು ಬೆಳಕಿನ ಚುಕ್ಕಿಯನ್ನು ನೆಟ್ಟ ನೋಟದಿಂದ ನೋಡುತ್ತಿದ್ದರೆ, ಕದಲದ ಚುಕ್ಕಿಯೂ ಅಲೆದಾಡಿದಂತೆ ಕಾಣುತ್ತದೆ. ಅಳೆಯಲು ಪಕ್ಕದಲ್ಲಿ ಆಸರೆಯಿಲ್ಲದ್ದರಿಂದ, ಕಣ್ಣು ತಾನೇ ಅಲುಗಿದ್ದನ್ನೂ ಚುಕ್ಕಿಯ ತಲೆಗೆ ಕಟ್ಟುತ್ತದೆ. ರಾತ್ರಿ ಹಾರುವ ಪೈಲಟ್‌ಗಳಿಗೂ ಇದರ ಬಗ್ಗೆ ಎಚ್ಚರಿಕೆ ಕೊಡುತ್ತಾರೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಹಿಂದಿನ ಸಲದ ಸೋತ ಕಡ್ಡಿ ಇನ್ನೂ ಸ್ವಲ್ಪ ಮಿನುಗುತ್ತಿದ್ದರೆ ಅದನ್ನು, ಇಲ್ಲದಿದ್ದರೆ ಇನ್ನೊಂದು ಸಣ್ಣ ದೀಪವನ್ನು ಒಂದು ಕೋಲಿಗೆ ಕಟ್ಟಿ, ರಾಡಿನ ತುದಿಯ ಹಿನ್ನೆಲೆಯಲ್ಲಿ ಒಂದು ಗೇಣು ಪಕ್ಕಕ್ಕೆ ಕಾಣುವಂತೆ ನೆಲಕ್ಕೆ ಊರಿ. ಈಗ ನೋಡಬೇಕಾದ್ದು ಎರಡು ಚುಕ್ಕಿಗಳ ನಡುವಿನ ಅಂತರವನ್ನು. ಅಂತರ ಬದಲಾದರೆ ಮೀನು, ಎರಡೂ ಒಟ್ಟಿಗೆ ತೇಲಿದರೆ ನಿಮ್ಮ ಕಣ್ಣು. ಆಗಾಗ ಬೇರೆ ಕಡೆ ನೋಟ ಹಾಯಿಸುವುದೂ ಒಳ್ಳೆಯದು. ಕೊಂಡ ದೀಪ ಎಂಥದ್ದೇ ಇರಲಿ, ಈ ಎರಡನೇ ಚುಕ್ಕಿಯಿಂದ ಸಿಗುವಷ್ಟು ಪ್ರಯೋಜನ ದುಬಾರಿ ಬ್ರಾಂಡಿನಿಂದ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಟ್ಟಿಕೊಂಡು ಹೊರಡುವಾಗ

ಹಚ್ಚಿ ಮುಗಿದ ಕಡ್ಡಿಯನ್ನು ದಡದಲ್ಲಿ ಎಸೆಯಬೇಡಿ. ಒಳಗಿರುವುದು ಒಡೆದ ಗಾಜು. ದ್ರವ ಸೋರಿದರೆ ಕಣ್ಣು ಉರಿಯುತ್ತದೆ, ಕೆಲವು ಪ್ಲಾಸ್ಟಿಕ್ ಮತ್ತು ವಾರ್ನಿಶ್ ಮೆತ್ತಗಾಗುತ್ತವೆ. ಅದಕ್ಕೆ ಮೊಬೈಲ್, ರೀಲ್ ಇರುವ ಚೀಲದಲ್ಲಿ ಹಾಕದೆ ಮುಚ್ಚಳದ ಹಳೇ ಮಾತ್ರೆ ಡಬ್ಬಿಯಲ್ಲಿ ಹಾಕಿಕೊಳ್ಳಿ. ತೀರಿದ ಲಿಥಿಯಂ ಬ್ಯಾಟರಿಗೂ ಇನ್ನೊಂದು ಅಂಥದ್ದೇ ಡಬ್ಬಿ ಇರಲಿ, ಎರಡೂ ತುದಿಗೆ ಟೇಪ್ ಅಂಟಿಸಿ. ಎಲ್‌ಇಡಿ ಕಡ್ಡಿಯಿಂದ ಬ್ಯಾಟರಿ ತೆಗೆದೇ ಒಳಗಿಡಿ, ಇಲ್ಲದಿದ್ದರೆ ಮುಂದಿನ ಸಲಕ್ಕೆ ಸೂಜಿಯ ಬುಡ ತುಕ್ಕು ಹಿಡಿದಿರುತ್ತದೆ.