ಕ್ರೀಟ್ ಪ್ರವಾಸಕ್ಕೆ ನಾನು ಎರಡು ಸಲ ಬರೆದ ಪಟ್ಟಿ

ಗ್ರೀಸಿನ ಕ್ರೀಟ್ ದ್ವೀಪದ ಎಂಟು ದಿನಗಳ ಪ್ರವಾಸಕ್ಕೆಂದು ನಾನು ಮೊದಲು ಬರೆದ ಪಟ್ಟಿಯಲ್ಲಿ ನಾಲ್ಕು ಊರುಗಳ ವಾಸ್ತವ್ಯವಿತ್ತು. ದ್ವೀಪವಲ್ಲವೇ, ಎಷ್ಟು ದೊಡ್ಡದಿದ್ದೀತು ಎಂದುಕೊಂಡಿದ್ದೆ. ಭೂಪಟ ಬಿಡಿಸಿ ನೋಡಿದರೆ ಅದು ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದವಿದೆ; ನಡುವೆ 2,400 ಮೀಟರಿಗೂ ಮೀರಿದ ಬೆಟ್ಟಗಳಿವೆ. ಪಟ್ಟಿಯನ್ನು ಹರಿದು, ಪಶ್ಚಿಮದ ಹಾನ್ಯಾ ಪಟ್ಟಣದಲ್ಲಿ ಆರು ರಾತ್ರಿ, ಕ್ನೋಸೋಸ್ ಅರಮನೆಯ ಅವಶೇಷಗಳಿಗಾಗಿ ಇರಾಕ್ಲಿಯೋದಲ್ಲಿ ಎರಡು ರಾತ್ರಿ ಎಂದು ನಿಗದಿಪಡಿಸಿದೆ. ಪೂರ್ವದ ತುದಿಯನ್ನು ಪೂರ್ತಿ ಕೈಬಿಟ್ಟೆ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು, ಜನಸಂದಣಿಗಳ ಜೊತೆಗೆ ಮೆಲ್ತೆಮಿ ಎಂಬ ಉತ್ತರದ ಗಾಳಿಯೂ ಜೋರಾಗಿರುವುದರಿಂದ ಸೆಪ್ಟೆಂಬರ್ ಕೊನೆಯನ್ನು ಆರಿಸಿಕೊಂಡೆವು. ಆಗಲೂ ಸಮುದ್ರದ ನೀರು ಬೆಚ್ಚಗೇ ಇರುತ್ತದೆ. ಗ್ರೀಸೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ, ರದ್ದುಮಾಡಿದರೆ ಹಣ ಮರಳುವಂಥ ಕೋಣೆಗಳನ್ನು ಮಾತ್ರ ಕಾಯ್ದಿರಿಸಿದ್ದೆ.

ಬಾಡಿಗೆ ಕಾರಿಗಾಗಿ ಇಲ್ಲಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೆ. ಅಲ್ಲಿ ರಸ್ತೆಯ ಬಲಬದಿಯ ಚಾಲನೆ. ಇಂಡಿಕೇಟರ್ ಕಡ್ಡಿ ಎಡಗೈಗೆ ಬರುತ್ತದೆ. ಮೊದಲ ದಿನ ಪ್ರತಿ ತಿರುವಿನಲ್ಲೂ ನಾನು ವೈಪರ್ ಆಡಿಸಿ, ಹಿಂದೆ ಕುಳಿತಿದ್ದ ಅತ್ತೆಯವರಿಗೆ ನಗೆಪಾಟಲಾದೆ. ದೂರವನ್ನು ಗಂಟೆಗಳಲ್ಲಿ ಎಣಿಸುವುದೇ ಕ್ಷೇಮ: ಎಲಾಫೋನಿಸಿ ಕಡಲತೀರ ಹಾನ್ಯಾದಿಂದ ಸುಮಾರು 75 ಕಿಲೋಮೀಟರ್ ಅಷ್ಟೇ ಆದರೂ, ತಿರುವುಗಳು, ಅಡ್ಡಬರುವ ಮೇಕೆಗಳು ಎಲ್ಲ ಸೇರಿ ನಮಗೆ ಎರಡು ಗಂಟೆ ಹಿಡಿಯಿತು.

ಸಮಾರಿಯಾ ಕಮರಿಗೆ ಮಾತ್ರ ಕಾರು ಒಯ್ಯಬಾರದು. ಓಮಾಲೋಸ್‌ನಲ್ಲಿ ಇಳಿಯಲು ಆರಂಭಿಸಿ 16 ಕಿಲೋಮೀಟರ್ ನಡೆದರೆ ತಲುಪುವ ಅಗಿಯಾ ರೂಮೆಲಿ ಎಂಬ ಹಳ್ಳಿಗೆ ವಾಹನದ ರಸ್ತೆಯೇ ಇಲ್ಲ. ಅಲ್ಲಿಂದ ದೋಣಿಯಲ್ಲಿ ಬೇರೊಂದು ಊರಿಗೆ ಹೋಗಿ ಬಸ್ಸು ಹಿಡಿಯಬೇಕು. ಹೀಗಾಗಿ ಬೆಳಗಿನ ಮೊದಲ ಬಸ್ಸಿಗೇ ಹೋದೆವು. ಇಳಿಜಾರು ಮಂಡಿಯನ್ನು ಹಿಂಡುತ್ತದೆಯಾದ್ದರಿಂದ ಮರುದಿನವನ್ನು ಖಾಲಿ ಇಟ್ಟದ್ದು ಒಳ್ಳೆಯದಾಯಿತು.

ಊಟದ ಚಿಂತೆ ನಾವು ಹೆದರಿದಷ್ಟಿರಲಿಲ್ಲ. ಖೋರ್ತಾ ಎಂದರೆ ನಮ್ಮ ಬೆರಕೆ ಸೊಪ್ಪಿನಂತೆಯೇ ಹೊಲದಂಚಿನ ಸೊಪ್ಪುಗಳು; ಬೇಯಿಸಿ, ಆಲಿವ್ ಎಣ್ಣೆ ಸುರಿದು, ನಿಂಬೆಹಣ್ಣಿನ ಹೋಳಿನೊಂದಿಗೆ ತಂದಿಡುತ್ತಾರೆ. ದಾಕೋಸ್ ಎಂಬುದು ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ಹೆಚ್ಚಿದ ಟೊಮೆಟೊ, ಚೀಸ್ ಹರಡಿದ ತಿಂಡಿ. ‘ನಿಸ್ತಿಸಿಮೋ’ ಎಂದರೆ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಆಕ್ಟೋಪಸ್, ಸ್ಕ್ವಿಡ್ ನಿಷಿದ್ಧವಲ್ಲ, ಆದ್ದರಿಂದ ಆ ಪದವೊಂದನ್ನೇ ನಂಬಿ ಸಸ್ಯಾಹಾರಿಗಳು ತಟ್ಟೆಗೆ ಕೈಹಾಕಬಾರದು.

ಮರಳುವಾಗ ಇರಾಕ್ಲಿಯೋದಿಂದ ಅಥೆನ್ಸಿನ ಪಿರೇಯಸ್ ಬಂದರಿಗೆ ರಾತ್ರಿಯ ಹಡಗು. ಬೆಂಗಳೂರಿಗೆ ವಿಮಾನವಿದ್ದದ್ದು ಅದರ ಮರುದಿನವಲ್ಲ, ಎರಡು ದಿನ ಬಿಟ್ಟು. ಒಂದು ದಿನದ ಬಾಡಿಗೆ ದಂಡವೆಂದು ಮನೆಯಲ್ಲಿ ಆಕ್ಷೇಪವೂ ಬಂದಿತ್ತು. ಹೊರಡಬೇಕಿದ್ದ ಸಂಜೆ ಗಾಳಿ ಎದ್ದು ಹಡಗು ಬಂದರಿನಲ್ಲೇ ನಿಂತಿತು. ಟಿಕೆಟ್ ಮಾರನೆಯ ರಾತ್ರಿಗೆ ಬದಲಾಯಿತು. ಅತ್ತೆಯವರು ಕಟ್ಟೆಯ ಮೇಲೆ ಕುಳಿತು, ಉಳಿದಿದ್ದ ಚಟ್ನಿಪುಡಿಗೆ ಆಲಿವ್ ಎಣ್ಣೆ ಕಲಸಿ ಬಾರ್ಲಿ ರಸ್ಕಿಗೆ ಹಚ್ಚಿಕೊಟ್ಟರು.